ಕೆಟ್ಟಿದ್ದು ಡಿಸ್ಕೋ, ಕೇಬಲ್ಲೋ, ಕರೆಂಟೋ?

ಹುಬ್ಬಳ್ಳಿಯ ಮದುವೆ ಫೋಟೋ ಸ್ಟುಡಿಯೋ, ಗದಗ-ಬೆಟಗೇರಿಯ ಡಿಟಿಪಿ ಕೋಣೆ, ಹಳೆಯ ಬೈಠಕ್‌ಗಳ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಟ್ಟುಕೊಂಡ ಧಾರವಾಡದ ಮನೆ: ಇಂಥ ಕಡೆಯಲ್ಲೆಲ್ಲ ಈಗ ಮೂಲೆಯಲ್ಲೊಂದು ಪೆಟ್ಟಿಗೆ ಸದ್ದಿಲ್ಲದೆ ಓಡುತ್ತಿರುತ್ತದೆ. ಒಳಗೆ ಎರಡೋ ನಾಲ್ಕೋ ಹಾರ್ಡ್ ಡಿಸ್ಕ್. ಎಲ್ಲರ ಫೈಲುಗಳನ್ನೂ ಒಂದೇ ಕಡೆ ಇಟ್ಟುಕೊಳ್ಳುವ ಸರ್ವರ್ ಅದು. ಸಿನಾಲಜಿಯಂಥ ಕಂಪನಿಯ ಸಿದ್ಧ ನ್ಯಾಸ್ (ನೆಟ್‌ವರ್ಕಿಗೆ ಜೋಡಿಸುವ ಸಂಗ್ರಹ ಪೆಟ್ಟಿಗೆ) ಇರಬಹುದು, ಹಳೆಯ ಪಿಸಿಗೆ ಟ್ರೂನ್ಯಾಸ್ ಅಥವಾ ಓಪನ್‌ಮೀಡಿಯಾವಾಲ್ಟ್ ತಂತ್ರಾಂಶ ಹಾಕಿ ಕಟ್ಟಿಕೊಂಡದ್ದೂ ಇರಬಹುದು. ಮೂರ್ನಾಲ್ಕು ವರ್ಷ ಅದರ ನೆನಪೇ ಆಗುವುದಿಲ್ಲ. ಆಮೇಲೊಂದು ಸಂಜೆ ಕರೆಂಟು ಹೋಗಿ ಬಂದ ಹತ್ತು ನಿಮಿಷಕ್ಕೆ ಮೊಬೈಲಿಗೆ ಸಂದೇಶ ಬರುತ್ತದೆ: ‘ಪೂಲ್ ಡಿಗ್ರೇಡೆಡ್’ (ಡಿಸ್ಕುಗಳ ಕೂಟದಲ್ಲಿ ಒಂದು ಕಡಿಮೆಯಾಗಿದೆ), ‘ಡಿಸ್ಕ್ 2 ಎರರ್’.

ಆ ಸಂದೇಶ ಬಂದ ಮೊದಲ ತಾಸಿನಲ್ಲಿ ಮಾಲೀಕರು ಮಾಡುವ ಕೆಲಸವೇ ಎಷ್ಟೋ ಸಲ ಡಿಸ್ಕಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಒಬ್ಬರು ಗಾಬರಿಯಲ್ಲಿ ನಾಲ್ಕು ಸಲ ಆಫ್-ಆನ್ ಮಾಡುತ್ತಾರೆ; ಸೋತ ಡಿಸ್ಕಿಗೆ ತಿರುಗಲು ಶುರುಮಾಡುವ ಗಳಿಗೆಯೇ ಅತಿ ಕಠಿಣ, ನಾಲ್ಕನೆಯ ಸಲ ಅದು ಏಳುವುದೇ ಇಲ್ಲ. ಇನ್ನೊಬ್ಬರು ಪರದೆಯ ಮೇಲೆ ಕಂಡ ‘ರಿಪೇರ್’ ಬಟನ್ ಒತ್ತಿಬಿಡುತ್ತಾರೆ. ಮತ್ತೊಬ್ಬರು ಡಿಸ್ಕ್ ಎಳೆದು ನೋಡುತ್ತಾರೆ, ಎಳೆದದ್ದು ಸರಿಯಿದ್ದ ಡಿಸ್ಕ್ ಆಗಿರುತ್ತದೆ. ರೇಡ್ ಎಂದರೆ ಹಲವು ಡಿಸ್ಕುಗಳನ್ನು ಒಂದೇ ಸಂಗ್ರಹವಾಗಿ ಜೋಡಿಸುವ ವಿಧಾನ. ಒಂದು ಡಿಸ್ಕಿನ ನಷ್ಟವನ್ನಷ್ಟೇ ತಾಳುವ ರೇಡ್ 5ರಲ್ಲಿ ಒಂದು ಮೊದಲೇ ಹೊರಬಿದ್ದಿರುವಾಗ ಎರಡನೆಯದನ್ನು ಎಳೆದರೆ ಇಡೀ ಸಂಗ್ರಹ ಆಗಲೇ ನಿಂತುಹೋಗುತ್ತದೆ.

ಆದ್ದರಿಂದ ಮೊದಲ ತಾಸಿನ ಕೆಲಸ ಇಷ್ಟೇ. ಹೊಸದಾಗಿ ಏನನ್ನೂ ಬರೆಯಬೇಡಿ: ಫೋನಿನ ಫೋಟೋ ಬ್ಯಾಕಪ್, ಟೊರೆಂಟ್, ಕ್ಯಾಮೆರಾ ರೆಕಾರ್ಡಿಂಗ್ ಎಲ್ಲವನ್ನೂ ನಿಲ್ಲಿಸಿ. ಪೆಟ್ಟಿಗೆಯನ್ನು ಆರಿಸಬೇಡಿ, ರೀಸ್ಟಾರ್ಟ್ ಮಾಡಬೇಡಿ. ಒಂದೇ ವಿನಾಯಿತಿ: ಡಿಸ್ಕಿನಿಂದ ಕಟಕ್-ಕಟಕ್ ಎಂದು ಒಂದೇ ಲಯದ ಸದ್ದು ಅಥವಾ ಕೆರೆಯುವ ಸದ್ದು ಬರುತ್ತಿದ್ದರೆ ತಕ್ಷಣ ಆರಿಸಿ. ಅದು ಹೆಡ್ (ಡಿಸ್ಕಿನೊಳಗೆ ತಿರುಗುವ ತಟ್ಟೆಯ ಮೇಲೆ ಓದಿ ಬರೆಯುವ ಭಾಗ) ಹಾಳಾದ ಲಕ್ಷಣ. ಓಡಿದಷ್ಟೂ ತಟ್ಟೆಯ ಮೇಲ್ಮೈ ಹಾಳಾಗುತ್ತದೆ, ಮನೆಯಲ್ಲಿ ಮಾಡುವ ಯಾವ ಉಪಾಯವೂ ಅಲ್ಲಿ ನಡೆಯುವುದಿಲ್ಲ. ಸದ್ದಿಲ್ಲದಿದ್ದರೆ, ಫೈಲುಗಳು ಇನ್ನೂ ತೆರೆಯುತ್ತಿದ್ದರೆ, ಮತ್ತೆಲ್ಲೂ ಪ್ರತಿ ಇಲ್ಲದ ಫೈಲುಗಳನ್ನು ಯುಎಸ್‌ಬಿ ಡಿಸ್ಕಿಗೆ ಇಳಿಸಿಕೊಳ್ಳಿ. ಸಿನಿಮಾ ಮತ್ತೆ ಸಿಗುತ್ತದೆ. ಮಗುವಿನ ಮೊದಲ ವರ್ಷದ ವಿಡಿಯೋ ಸಿಗುವುದಿಲ್ಲ, ಗಿರಾಕಿಗೆ ಇನ್ನೂ ಕೊಟ್ಟಿರದ ಮದುವೆಯ ಮೂಲ ಫೋಟೋಗಳೂ ಸಿಗುವುದಿಲ್ಲ. ಆಮೇಲೆ ಸಿಸ್ಟಮ್ ಲಾಗನ್ನೂ ಪ್ರತಿ ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವರದಿಯನ್ನೂ ಬೇರೆ ಕಂಪ್ಯೂಟರಿಗೆ ನಕಲು ಮಾಡಿಟ್ಟುಕೊಳ್ಳಿ. ರೀಸ್ಟಾರ್ಟ್ ಆದರೆ ಕರ್ನಲ್ ಲಾಗ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು ಬರೆದಿಡುವ ದಿನಚರಿ) ಅಳಿಸಿಹೋಗುವ ಪೆಟ್ಟಿಗೆಗಳು ಬಹಳ ಇವೆ, ರೋಗ ಪತ್ತೆಗೆ ಬೇಕಾದ ಸಾಕ್ಷಿ ಇರುವುದು ಅದರಲ್ಲೇ.

ಈಗ ‘ಡಿಸ್ಕ್ ಎರರ್’ ಎಂಬ ಮಾತನ್ನೇ ಬಿಡಿಸಿ ನೋಡೋಣ. ಸರ್ವರ್ ಒಂದು ಫೈಲು ಕೇಳಿದಾಗ ಆ ಬೇಡಿಕೆ ಫೈಲ್ ಸಿಸ್ಟಮ್, ರೇಡ್ ಪದರ, ಕರ್ನಲ್ಲಿನ ಡ್ರೈವರ್, ಮದರ್‌ಬೋರ್ಡಿನ ಸಾಟಾ ಪೋರ್ಟ್ (ಡಿಸ್ಕಿನ ಕೇಬಲ್ ಜೋಡಿಸುವ ಕಿಂಡಿ), ಕೇಬಲ್, ಡಿಸ್ಕಿನ ಸ್ವಂತ ಸರ್ಕ್ಯೂಟ್ ಬೋರ್ಡ್, ಕೊನೆಗೆ ಹೆಡ್ ಮತ್ತು ತಟ್ಟೆ ಇಷ್ಟನ್ನೂ ದಾಟಿ ಹೋಗಬೇಕು, ಉತ್ತರ ಅದೇ ದಾರಿಯಲ್ಲಿ ಮರಳಬೇಕು. ಈ ಎಲ್ಲ ಕೊಂಡಿಗಳಿಗೂ ಪವರ್ ಸಪ್ಲೈಯ 12 ವೋಲ್ಟ್, 5 ವೋಲ್ಟ್ ಸರಿಯಾಗಿ ಬರುತ್ತಿರಬೇಕು. ಯಾವ ಕೊಂಡಿ ತಪ್ಪಿದರೂ ಮೇಲಿನ ಪದರಕ್ಕೆ ಕೇಳಿಸುವುದು ‘ಆ ಡಿಸ್ಕಿನಿಂದ ಉತ್ತರ ಬರಲಿಲ್ಲ’ ಎಂಬ ಒಂದೇ ದೂರು. ಅದು ಡಿಸ್ಕನ್ನು ಹೊರಹಾಕುತ್ತದೆ, ನಿಮಗೆ ಡಿಸ್ಕ್ ಕೆಟ್ಟಿದೆ ಎನ್ನುತ್ತದೆ. ಹೀಗಾಗಿ ಮುನ್ನೂರು ರೂಪಾಯಿಯೂ ಆಗದ ಕೇಬಲ್ಲಿನ ತಪ್ಪಿಗೆ ಹತ್ತಾರು ಸಾವಿರದ ಡಿಸ್ಕ್ ಬದಲಾಗುತ್ತದೆ. ತಿಂಗಳ ಮೇಲೆ ಹೊಸ ಡಿಸ್ಕೂ ‘ಕೆಡುತ್ತದೆ’.

ಕೊಂಡಿಗಳನ್ನು ಬೇರ್ಪಡಿಸಿ ಹೇಳುವ ಮೊದಲ ಸಾಕ್ಷಿ ಕರ್ನಲ್ ಲಾಗ್. ಲಿನಕ್ಸಿನಲ್ಲಿ ಡಿಮೆಸೇಜ್ (dmesg) ಆದೇಶ ಕೊಟ್ಟರೆ ಅದು ಕಾಣುತ್ತದೆ. ಎರರ್ ಸಾಲಿನ ಕೊನೆಗೆ ‘ಯುಎನ್‌ಸಿ’ ಎಂದಿದ್ದರೆ ಡಿಸ್ಕ್ ಬೇಡಿಕೆಯನ್ನು ಕೇಳಿಸಿಕೊಂಡಿದೆ, ಸೆಕ್ಟರನ್ನು (ತಟ್ಟೆಯ ಮೇಲಿನ ಸಣ್ಣ ಮಾಹಿತಿ ತುಂಡು) ಓದಲು ಪ್ರಯತ್ನಿಸಿದೆ, ತಿದ್ದುಪಡಿ ಸಂಕೇತ ಬಳಸಿಯೂ ಓದಲಾಗಲಿಲ್ಲ ಎಂದು ತಾನೇ ಹೇಳುತ್ತಿದೆ. ಇದು ತಟ್ಟೆಯ ದೋಷ. ಅದೇ ಜಾಗದಲ್ಲಿ ‘ಐಸಿಆರ್‌ಸಿ’ ಮತ್ತು ‘ಎಬಿಆರ್‌ಟಿ’ ಇದ್ದರೆ ಮಾಹಿತಿ ದಾರಿಯಲ್ಲಿ ಕೆಟ್ಟಿದೆ: ಕೇಬಲ್, ಪೋರ್ಟ್, ಇಲ್ಲವೇ ಡಿಸ್ಕ್ ಕೂರುವ ಬ್ಯಾಕ್‌ಪ್ಲೇನ್. ‘ಹಾರ್ಡ್ ರೀಸೆಟಿಂಗ್ ಲಿಂಕ್’ ಮತ್ತೆಮತ್ತೆ ಬಂದು, ಬಳಿಕ ಲಿಂಕಿನ ವೇಗವನ್ನು 6 ಗಿಗಾಬಿಟ್‌ನಿಂದ 3ಕ್ಕೆ, 3ರಿಂದ 1.5ಕ್ಕೆ ಇಳಿಸಿದ್ದೇನೆ ಎಂಬ ಸಾಲು ಕಂಡರೂ ಅನುಮಾನ ಅಲ್ಲಿಗೇ ಹೋಗಬೇಕು. ಒಂದೇ ಸೆಕೆಂಡಿನಲ್ಲಿ ಎರಡು ಮೂರು ಡಿಸ್ಕ್ ಒಟ್ಟಿಗೆ ಮಾಯವಾಗಿದ್ದರೆ ಅಷ್ಟೂ ಒಟ್ಟಿಗೆ ಸತ್ತಿರುವ ಸಾಧ್ಯತೆ ತೀರ ಕಡಿಮೆ. ಅವೆಲ್ಲಕ್ಕೂ ಸಮಾನವಾದದ್ದನ್ನು ಹುಡುಕಿ: ಪವರ್ ಸಪ್ಲೈ, ಒಂದೇ ಪವರ್ ಕೇಬಲ್ಲು, ಒಂದೇ ಕಂಟ್ರೋಲರ್ ಕಾರ್ಡ್.

ಎರಡನೆಯ ಸಾಕ್ಷಿ ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ದಾಖಲೆ. ಸ್ಮಾರ್ಟ್‌ಸಿಟಿಎಲ್ ಆದೇಶಕ್ಕೆ ‘ಎಕ್ಸ್’ ಆಯ್ಕೆ ಕೊಟ್ಟರೆ (smartctl -x) ಪೂರ್ತಿ ಪಟ್ಟಿ ಬರುತ್ತದೆ. ಯುಎಸ್‌ಬಿ ಡಾಕ್ ಮೂಲಕವಾದರೆ ಬಹಳಷ್ಟು ಡಾಕ್‌ಗಳಿಗೆ ಸಾಧನದ ಬಗೆ ‘ಸ್ಯಾಟ್’ ಎಂದು ಬೇರೆ ತಿಳಿಸಬೇಕು. ಪಟ್ಟಿಯ ಮೇಲ್ಗಡೆ ‘ಪಾಸ್ಡ್’ ಎಂದಿದ್ದರೆ ನೆಮ್ಮದಿ ಪಡಬೇಡಿ. ತಯಾರಕರು ಇಟ್ಟ ಮಿತಿ ದಾಟುವವರೆಗೂ ಅದು ‘ಪಾಸ್ಡ್’ ಅನ್ನುತ್ತಲೇ ಇರುತ್ತದೆ, ನೂರಾರು ಸೆಕ್ಟರ್ ಹೋದ ಡಿಸ್ಕಿಗೂ ಹಾಗೆಯೇ ಅನ್ನಬಹುದು. ನೋಡಬೇಕಾದದ್ದು ಕೊನೆಯ ಕಾಲಮ್ಮಿನ ಕಚ್ಚಾ ಅಂಕಿಗಳನ್ನು.

5ನೇ ನಂಬರು, ರೀಅಲೊಕೇಟೆಡ್ ಸೆಕ್ಟರ್: ಡಿಸ್ಕ್ ಕೆಟ್ಟ ಸೆಕ್ಟರನ್ನು ಬಿಟ್ಟು ಮೀಸಲು ಜಾಗಕ್ಕೆ ಬದಲಿಸಿಕೊಂಡ ಎಣಿಕೆ. 197, ಕರೆಂಟ್ ಪೆಂಡಿಂಗ್ ಸೆಕ್ಟರ್: ಓದಲು ಆಗದೆ, ಬದಲಿಸಬೇಕೋ ಬೇಡವೋ ಇನ್ನೂ ತೀರ್ಮಾನವಾಗದೆ ಉಳಿದ ಸೆಕ್ಟರುಗಳು. 198, ಡಿಸ್ಕ್ ತನ್ನ ಒಳತಪಾಸಣೆಯಲ್ಲಿ ಓದಲಾಗದೆ ಕಂಡದ್ದು. 187, ತಿದ್ದಲಾಗದೆ ಮೇಲಕ್ಕೆ ವರದಿ ಮಾಡಿದ್ದು. ಇದು ಎಲ್ಲ ಕಂಪನಿಯ ಡಿಸ್ಕಿನಲ್ಲೂ ಇರುವುದಿಲ್ಲ. ಈ ನಾಲ್ಕೂ ತಟ್ಟೆಯ ಕಥೆ ಹೇಳುತ್ತವೆ. 199, ಯುಡಿಎಂಎ ಸಿಆರ್‌ಸಿ ಎರರ್, ಕೇಬಲ್ಲಿನ ಕಥೆ ಹೇಳುತ್ತದೆ. ಇದು ಒಮ್ಮೆ ಏರಿದ ಮೇಲೆ ಇಳಿಯುವುದೇ ಇಲ್ಲ. ಕೇಬಲ್ ಬದಲಿಸಿದ ಮೇಲೂ ಹಳೆಯ ಅಂಕಿ ಹಾಗೇ ನಿಂತಿರುತ್ತದೆ. 40 ಎಂದಿದ್ದದ್ದು ಹದಿನೈದು ದಿನದ ನಂತರವೂ 40 ಇದ್ದರೆ ರೋಗ ವಾಸಿಯಾಗಿದೆ, 57 ಆಗಿದ್ದರೆ ಇನ್ನೂ ಇದೆ.

ಸೀಗೇಟ್ ಡಿಸ್ಕ್ ಇದ್ದವರು ಸುಮ್ಮನೆ ಹೆದರುವ ಜಾಗ ಮೂರು ಇವೆ. 1 ಮತ್ತು 7ನೇ ನಂಬರುಗಳಲ್ಲಿ ಕೋಟಿಗಟ್ಟಲೆ ಅಂಕಿ ಕಾಣುತ್ತದೆ. ಅದು ತಪ್ಪುಗಳ ಎಣಿಕೆ ಅಲ್ಲ. ಒಟ್ಟು ಎಷ್ಟು ಸಲ ಓದಿದೆ, ಎಷ್ಟು ಸಲ ಹೆಡ್ ಸರಿದಿದೆ ಎಂಬುದೂ ಅದೇ ಅಂಕಿಯೊಳಗೆ ಸೇರಿಕೊಂಡಿದೆ. 188, ಕಮಾಂಡ್ ಟೈಮ್‌ಔಟ್‌ನಲ್ಲಿ 4295032833 ಎಂದು ಕಂಡರೆ ನಾಲ್ಕುನೂರು ಕೋಟಿ ತಪ್ಪು ಎಂದಲ್ಲ. ಮೂರು ಸಣ್ಣ ಎಣಿಕೆಗಳನ್ನು ಒಂದೇ ಅಂಕಿಯಲ್ಲಿ ಹೊಲಿದಿದ್ದಾರೆ, ಬಿಡಿಸಿದರೆ ಬರುವುದು 1, 1, 1.

ಸ್ಮಾರ್ಟ್ ಎಷ್ಟು ನಂಬಲರ್ಹ ಎಂಬುದಕ್ಕೆ ಗೂಗಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೇ ಇಂದಿಗೂ ಒಳ್ಳೆಯ ಅಳತೆಗೋಲು. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್ ನೋಡಿದ ಅವರಿಗೆ, ಮೊದಲ ಸೆಕ್ಟರ್ ಬದಲಾವಣೆಯಾದ ಡಿಸ್ಕು 60 ದಿನದೊಳಗೆ ಕೆಡುವ ಸಂಭವ ಉಳಿದವುಗಳಿಗಿಂತ 14 ಪಟ್ಟು ಹೆಚ್ಚು ಎಂದು ಕಂಡಿತು. ಅದೇ ಅಧ್ಯಯನದಲ್ಲಿ ಕೆಟ್ಟ ಡಿಸ್ಕುಗಳ ಪೈಕಿ ಶೇ. 36ಕ್ಕೂ ಹೆಚ್ಚಿನವು ತಾಪಮಾನ ಬಿಟ್ಟರೆ ಬೇರಾವ ಸ್ಮಾರ್ಟ್ ಸೂಚನೆಯನ್ನೂ ಕೊಡದೆ ಹೋಗಿದ್ದವು. ಅಂದರೆ ಅಂಕಿ ಏರಿದರೆ ನಂಬಬೇಕು. ಅಂಕಿ ಸೊನ್ನೆ ಇದೆ ಎಂದು ಮಾತ್ರ ಡಿಸ್ಕ್ ಗಟ್ಟಿ ಎಂದು ನಂಬುವಂತಿಲ್ಲ.

ಕೇಬಲ್ಲಿನ ಪರೀಕ್ಷೆ ಸುಲಭ. ಸರ್ವರ್ ಕ್ರಮವಾಗಿ ಆರಿಸಿ, ಪ್ಲಗ್ ತೆಗೆದು, ದೂರು ಬಂದ ಡಿಸ್ಕಿನ ಸಾಟಾ ಕೇಬಲ್ಲನ್ನು ಪಕ್ಕದ ಡಿಸ್ಕಿನದರೊಂದಿಗೆ ಅದಲುಬದಲು ಮಾಡಿ, ಡಿಸ್ಕಿನ ಕಡೆಯ ತುದಿ ಮಾತ್ರ, ಪೋರ್ಟಿನ ಕಡೆಯದು ಇದ್ದಲ್ಲೇ ಇರಲಿ. ದೂರು ಕೇಬಲ್ಲಿನ ಜೊತೆ ಪಕ್ಕದ ಡಿಸ್ಕಿಗೆ ಹೋದರೆ ಕೇಬಲ್ಲೋ ಪೋರ್ಟೋ ಕಾರಣ, ಅದೇ ಡಿಸ್ಕಿನಲ್ಲೇ ಉಳಿದರೆ ಡಿಸ್ಕ್. ಸಿದ್ಧ ನ್ಯಾಸಿನಲ್ಲಿ ಕೇಬಲ್ ಇರುವುದಿಲ್ಲ, ಡಿಸ್ಕನ್ನು ಬೇರೆ ಖಾನೆಗೆ ಸರಿಸುವ ಮೊದಲು ಆ ಮಾದರಿಗೆ ಅದು ಒಪ್ಪುತ್ತದೆಯೇ ಎಂದು ಕೈಪಿಡಿ ನೋಡಿ. ಹೊಸ ಕೇಬಲ್ ಕೊಳ್ಳುವಾಗ ಲೋಹದ ಕ್ಲಿಪ್ ಇರುವುದನ್ನೇ ಕೇಳಿ, ಅರ್ಧ ಮೀಟರ್ ಸಾಕು. ಸಾಟಾದ ಮಿತಿಯೇ 1 ಮೀಟರ್. ಕೇಬಲ್ಲುಗಳನ್ನೆಲ್ಲ ಸೇರಿಸಿ ಬಿಗಿಯಾಗಿ ಕಟ್ಟಿ ಅಂದಗೊಳಿಸುವ ಆಸೆ ಬೇಡ. ಮಳೆಗಾಲದ ಧಾರವಾಡದ ತಂಪಿನಲ್ಲಿ ಕನೆಕ್ಟರಿನ ಬಾಯಿ ಮಂಕಾಗುವುದುಂಟು. ಎರಡು ಮೂರು ಸಲ ತೆಗೆದು ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ, ಇಲ್ಲದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಪೂರ್ತಿ ಆರಿದ ಮೇಲೆ ಹಾಕಿ.

ನಮ್ಮ ಭಾಗದಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಕರೆಂಟನ್ನು. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯಲ್ಲಿ ಗಾಳಿ ಎದ್ದರೆ ಹೆಸ್ಕಾಂ ಲೈನು ಹೋಗುತ್ತದೆ, ಬರುತ್ತದೆ, ಎರಡು ನಿಮಿಷಕ್ಕೆ ಮತ್ತೆ ಹೋಗುತ್ತದೆ. ಒಂದು ಡಿಸ್ಕ್ ತಿರುಗಲು ಶುರುಮಾಡುವಾಗ 12 ವೋಲ್ಟಿನಲ್ಲಿ 2 ಆಂಪಿಯರ್‌ವರೆಗೂ ಎಳೆಯಬಹುದು. ನಾಲ್ಕು ಡಿಸ್ಕ್ ಒಟ್ಟಿಗೆ ಎದ್ದರೆ 8 ಆಂಪಿಯರ್, ಅಂದರೆ 96 ವ್ಯಾಟ್, ಅದೂ ಬರೀ ಡಿಸ್ಕುಗಳಿಗೆ. ಹಳತಾದ ಪವರ್ ಸಪ್ಲೈ, ಉಬ್ಬಿದ ಕೆಪ್ಯಾಸಿಟರಿನ ಅಡಾಪ್ಟರ್ ಆ ಕ್ಷಣದಲ್ಲಿ ಕುಸಿಯುತ್ತದೆ. ಆಮೇಲೆ ದಿನವಿಡೀ ಸರಿಯಾಗೇ ಇರುತ್ತದೆ. ಅದಕ್ಕೇ ಮಲ್ಟಿಮೀಟರ್ ಹಿಡಿಯಬೇಕಾದದ್ದು ಸರ್ವರ್ ಆನ್ ಆಗುವ ಹೊತ್ತಿನಲ್ಲಿ. ಕಪ್ಪು ತಂತಿಗೂ ಹಳದಿಗೂ ನಡುವೆ 11.4ರಿಂದ 12.6 ವೋಲ್ಟ್, ಕಪ್ಪಿಗೂ ಕೆಂಪಿಗೂ ನಡುವೆ 4.75ರಿಂದ 5.25 ವೋಲ್ಟ್ ಇರಬೇಕು. ಮುಳ್ಳು ಕೆಳಗಿನ ಮಿತಿಗೆ ಬಂದು ತೂಗುತ್ತಿದ್ದರೆ ಡಿಸ್ಕನ್ನು ಬೈಯುವ ಮೊದಲು ಸಪ್ಲೈ ಬದಲಿಸಿ. ಹಳೆಯ ನಾಲ್ಕು ಪಿನ್ನಿನ ಮೊಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಚ್ಚು ಹೊಯ್ದ ಪ್ಲಾಸ್ಟಿಕ್ಕಿನ ಕನೆಕ್ಟರುಗಳನ್ನು ಬಳಸಲೇಬೇಡಿ. ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಬೆಂಕಿ ಹೊತ್ತಿಕೊಂಡ ಉದಾಹರಣೆಗಳಿವೆ. ತಂತಿಯನ್ನು ಬೇರೆಬೇರೆಯಾಗಿ ಒತ್ತಿ ಕೂರಿಸಿದ ಬಗೆಯೇ ಬೇಕು.

ಮನೆಯ ಇನ್ವರ್ಟರ್ ಇದೆಯಲ್ಲ, ಯುಪಿಎಸ್ ಯಾಕೆ ಎಂದು ಕೇಳುವವರು ಇನ್ವರ್ಟರಿನ ಸ್ವಿಚ್ ಒಮ್ಮೆ ನೋಡಬೇಕು. ಹೆಚ್ಚಿನವುಗಳಲ್ಲಿ ‘ಯುಪಿಎಸ್’ ಮತ್ತು ‘ನಾರ್ಮಲ್’ ಅಥವಾ ‘ಇಕೋ’ ಎಂದು ಎರಡು ಸ್ಥಾನ ಇರುತ್ತವೆ. ನಾರ್ಮಲ್‌ನಲ್ಲಿ ಸುಮಾರು 100ರಿಂದ 290 ವೋಲ್ಟಿನವರೆಗಿನ ಲೈನನ್ನು ಹಾಗೇ ಒಳಬಿಡುತ್ತದೆ, ಬದಲಾಗಲು 40 ಮಿಲಿಸೆಕೆಂಡಿನಷ್ಟು ತೆಗೆದುಕೊಳ್ಳಬಹುದು. ಯುಪಿಎಸ್ ಸ್ಥಾನದಲ್ಲಿ ಸುಮಾರು 180ರಿಂದ 260 ವೋಲ್ಟಿನ ನಡುವೆ ಮಾತ್ರ ಲೈನ್ ಬಿಡುತ್ತದೆ, 10-20 ಮಿಲಿಸೆಕೆಂಡಿನಲ್ಲಿ ಬದಲಾಗುತ್ತದೆ. ಪೂರ್ತಿ ಲೋಡಿನಲ್ಲಿ ಕಂಪ್ಯೂಟರ್ ಸಪ್ಲೈ ತಡೆದುಕೊಳ್ಳಬೇಕಾದದ್ದು 16-17 ಮಿಲಿಸೆಕೆಂಡ್ ಅಷ್ಟೇ. ಲೈಟು ಫ್ಯಾನಿಗೆ ಗೊತ್ತೇ ಆಗದ ಆ ವ್ಯತ್ಯಾಸದಲ್ಲಿ ಸರ್ವರ್ ರೀಸ್ಟಾರ್ಟ್ ಆಗಿರುತ್ತದೆ. ಸ್ಮಾರ್ಟಿನ 192ನೇ ನಂಬರು ಪ್ರತಿ ಸಲ ಕರೆಂಟು ಹೋದಾಗ ಏರುತ್ತಿದ್ದರೆ ಡಿಸ್ಕುಗಳು ಹೆಡ್ಡನ್ನು ತುರ್ತಾಗಿ ಹಿಂದೆಳೆದುಕೊಳ್ಳುತ್ತಿವೆ ಎಂದರ್ಥ. ಇನ್ವರ್ಟರ್ ಯುಪಿಎಸ್ ಸ್ಥಾನಕ್ಕೆ ಬರಲಿ, ಅದರ ಮೇಲೆ ಸರ್ವರಿಗೆ ಬೇರೆಯೇ ಸಣ್ಣ ಯುಪಿಎಸ್ ಇರಲಿ. 600 ವಿಎ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ, 50 ವ್ಯಾಟಿನ ಸರ್ವರಿಗೆ ಹೊಸದರಲ್ಲಿ ಅರ್ಧ ತಾಸಿನ ಆಸುಪಾಸು ಸಾಕಾಗುತ್ತದೆ. ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಅಂಗಡಿಯಲ್ಲಿ ಕೇಳುವಾಗ ವಿಎ ಎಷ್ಟು ಎನ್ನುವುದಕ್ಕಿಂತ ಹಿಂಬದಿಯಲ್ಲಿ ಯುಎಸ್‌ಬಿ ಡೇಟಾ ಪೋರ್ಟ್ ಇದೆಯೇ ಎಂದು ಮೊದಲು ನೋಡಿ. ಅಗ್ಗದ ಮಾದರಿಗಳಲ್ಲಿ ಅದು ಇರುವುದಿಲ್ಲ. ಅದಿಲ್ಲದೆ ಬ್ಯಾಟರಿ ಮುಗಿಯುತ್ತಿದೆ, ಕ್ರಮವಾಗಿ ಮುಚ್ಚಿಕೋ ಎಂದು ಸರ್ವರಿಗೆ ಹೇಳುವವರು ಯಾರೂ ಇಲ್ಲ, ರಾತ್ರಿ ಎರಡಕ್ಕೆ ಮತ್ತೆ ಅದೇ ಪೆಟ್ಟು. ಬ್ಯಾಟರಿಯನ್ನು ಎರಡು ಮೂರು ವರ್ಷಕ್ಕೆ ಬದಲಿಸಬೇಕು.

ಇನ್ನೊಂದು ಕಾರಣ ನಮ್ಮ ಮನೆಗಳಲ್ಲೇ ಸಿಗುವಂಥದ್ದು: ಜೋಳದ ಹಿಟ್ಟು ಬೀಸುವ ಮನೆಗಿರಣಿ. 1 ಎಚ್‌ಪಿ ಮೋಟಾರು ಏಳುವಾಗ ತನ್ನ 746 ವ್ಯಾಟಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಅದೇ ಬೋರ್ಡಿನಲ್ಲಿ ಸರ್ವರ್ ಇದ್ದರೆ ಆ ಕ್ಷಣ ವೋಲ್ಟೇಜ್ ಕುಗ್ಗುತ್ತದೆ, ಗೋಡೆಗೆ ತಾಗಿದ ಕಪಾಟಿನಲ್ಲಿ ಸರ್ವರ್ ಇದ್ದರೆ ನಡುಕವೂ ಹೋಗುತ್ತದೆ. ಲಾಗಿನ ಎರರ್ ವೇಳೆ ಪ್ರತಿ ಭಾನುವಾರ ಬೆಳಗಿನ ಒಂಬತ್ತರ ಸುತ್ತ ಬರುತ್ತಿದ್ದರೆ ಅಡುಗೆಮನೆಯಲ್ಲಿ ಆಗ ಏನು ನಡೆಯುತ್ತದೆ ಎಂದು ಕೇಳಿ ನೋಡಿ. ಸರ್ವರಿನ ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ ಎಂದೂ ನೋಡಿಸಿ, ಹಳೆಯ ವಾಡೆಗಳಲ್ಲಿ ಮೂರನೆಯ ತೂತು ಬರೀ ತೂತಾಗಿ ಉಳಿದಿರುವುದು ಹೊಸದಲ್ಲ. ಗುಡುಗು ಶುರುವಾದರೆ ಪವರ್ ಪ್ಲಗ್ಗಿನ ಜೊತೆ ನೆಟ್‌ವರ್ಕ್ ಕೇಬಲ್ಲನ್ನೂ ತೆಗೆಯಿರಿ, ಸಿಡಿಲಿನ ಪೆಟ್ಟು ಆ ದಾರಿಯಿಂದಲೂ ಬರುತ್ತದೆ.

ಬಿಸಿಲಿನ ಬಗ್ಗೆ ಚುಟುಕಾಗಿ: ಏಪ್ರಿಲ್‌ನಲ್ಲಿ ಕೋಣೆಯೇ 36 ಡಿಗ್ರಿ ಇರುವಾಗ ಮುಚ್ಚಿದ ಕಪಾಟಿನೊಳಗೆ ಡಿಸ್ಕು 50 ದಾಟುವುದು ಕಷ್ಟವಲ್ಲ. 45ರ ಒಳಗೆ ಇರಲಿ, 55 ಕಂಡರೆ ಕೆಲಸ ನಿಲ್ಲಿಸಿ. ಎರೆನೆಲದ ನುಣುಪು ಧೂಳು ಫ್ಯಾನಿನ ರೆಕ್ಕೆಗೂ ಜಾಲರಿಗೂ ಮೆತ್ತಿಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ, ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆಯಿರಿ. ಇಲ್ಲದಿದ್ದರೆ ಬೇರಿಂಗ್ ಹೋಗುತ್ತದೆ.

ಕೇಬಲ್ಲು, ಕರೆಂಟು, ಸೆಕೆ ಮೂರನ್ನೂ ದಾಟಿದ ಮೇಲೂ ದೂರು ಡಿಸ್ಕಿನ ಮೇಲೇ ನಿಂತರೆ, ಡಿಸ್ಕನ್ನೇ ಕೇಳಬೇಕು. ಆದರೆ ಅದರಲ್ಲಿರುವ ಮಾಹಿತಿಗೆ ಬೇರೆ ಪ್ರತಿ ಆದ ಮೇಲೆ ಮಾತ್ರ. ದೀರ್ಘ ಪರೀಕ್ಷೆ ತಟ್ಟೆಯ ಪ್ರತಿ ಸೆಕ್ಟರನ್ನೂ ಓದುತ್ತದೆ, ಸೋತ ಡಿಸ್ಕಿಗೆ ಅದು ಹೊರೆಯೇ. ಸ್ಮಾರ್ಟಿನ ಕಿರು ಪರೀಕ್ಷೆ ಎರಡು ನಿಮಿಷದ್ದು, ಅದು ಪಾಸಾದರೆ ಏನನ್ನೂ ಸಾಬೀತು ಮಾಡುವುದಿಲ್ಲ. ದೀರ್ಘ ಪರೀಕ್ಷೆಗೆ 4 ಟೆರಾಬೈಟಿನ ಡಿಸ್ಕಿಗೆ ಏಳೆಂಟು ತಾಸು, 8ಕ್ಕೆ ಹನ್ನೆರಡು ತಾಸು ದಾಟಬಹುದು. ‘ರೀಡ್ ಫೇಲ್ಯೂರ್’ ಎಂದು ಬಂದು ಪಕ್ಕದಲ್ಲಿ ಮೊದಲ ಕೆಟ್ಟ ಸೆಕ್ಟರಿನ ವಿಳಾಸ ಇದ್ದರೆ ತೀರ್ಪು ಬಂದಂತೆ. ವಾರಂಟಿ ಕೇಳಲು ಆ ಸಾಲು ಸಾಕ್ಷಿಯಾಗುತ್ತದೆ. ‘ಇಂಟರಪ್ಟೆಡ್’ ಎಂದಿದ್ದರೆ ಅದು ಸೋಲಲ್ಲ, ನಡುವೆ ಡಿಸ್ಕ್ ನಿದ್ದೆಗೆ ಹೋಗಿದೆ ಇಲ್ಲವೇ ರೀಸೆಟ್ ಆಗಿದೆ. ನಿದ್ದೆಯ ಸಮಯ ತೆಗೆದು ಮತ್ತೆ ಹಚ್ಚಿ.

197ರಲ್ಲಿ ಎಂಟೋ ಹದಿನಾರೋ ಸೆಕ್ಟರ್ ಇವೆ, ಬೇರೆಲ್ಲ ಸರಿ ಎಂದರೆ? ಎಂಟರ ಗುಣಕವಾಗಿ ಬರುವುದೇ ಹೆಚ್ಚು, ಯಾಕೆಂದರೆ ಇಂದಿನ ಡಿಸ್ಕಿನ ನಿಜವಾದ ಸೆಕ್ಟರ್ 4096 ಬೈಟಿನದು, ಎಣಿಕೆ ಹಳೆಯ 512ರ ಲೆಕ್ಕದಲ್ಲಿರುತ್ತದೆ. ಕರೆಂಟು ಹೋದ ಗಳಿಗೆಯಲ್ಲಿ ಬರಹ ಅರ್ಧಕ್ಕೆ ನಿಂತರೂ ಹೀಗಾಗುತ್ತದೆ; ಅಲ್ಲಿ ತಟ್ಟೆ ಸರಿಯಿರುತ್ತದೆ, ಬರಹ ಮಾತ್ರ ಅಪೂರ್ಣ. ಆ ಸೆಕ್ಟರಿನ ಮೇಲೆ ಮತ್ತೆ ಬರೆದಾಗ ಡಿಸ್ಕ್ ತೀರ್ಮಾನಿಸುತ್ತದೆ: ಬರಹ ಸರಿಯಾಗಿ ಉಳಿದರೆ 197 ಇಳಿಯುತ್ತದೆ, 5 ಹಾಗೇ ಇರುತ್ತದೆ, ಉಳಿಯದಿದ್ದರೆ 197 ಇಳಿದು 5 ಏರುತ್ತದೆ. ರೇಡ್ ಆರೋಗ್ಯವಾಗಿದ್ದರೆ ಇದನ್ನು ಕೈಯಿಂದ ಮಾಡಬೇಕಿಲ್ಲ. ಲಿನಕ್ಸಿನದೇ ರೇಡ್ ತಂತ್ರಾಂಶವಾದ ಎಂಡಿ ರೇಡಿನ ‘ಚೆಕ್’ ಅಥವಾ ಟ್ರೂನ್ಯಾಸ್ ಬಳಸುವ ಫೈಲ್ ಸಿಸ್ಟಮ್ಮಾದ ಝಡ್‌ಎಫ್‌ಎಸ್‌ನ ‘ಸ್ಕ್ರಬ್’ ಎಂಬ ತಪಾಸಣೆ ಓಡಿಸಿದರೆ, ಓದಲಾಗದ ಜಾಗವನ್ನು ಉಳಿದ ಡಿಸ್ಕುಗಳಿಂದ ಲೆಕ್ಕಹಾಕಿ ಅಲ್ಲೇ ಮತ್ತೆ ಬರೆಯುತ್ತದೆ. ಬಳಿಕ ಎರಡು ವಾರ ಅಂಕಿ ಅಲುಗದಿದ್ದರೆ ಆ ಡಿಸ್ಕನ್ನು ಇಟ್ಟುಕೊಳ್ಳಬಹುದು. ವಾರದಿಂದ ವಾರಕ್ಕೆ ಏರಿದರೆ, ಏರಿದ್ದು ಎರಡೇ ಆದರೂ, ಬದಲಿಸಿ. ಇದು ನಮ್ಮ ದೃಢವಾದ ಅಭಿಪ್ರಾಯ: ಅಂಕಿಯ ಗಾತ್ರಕ್ಕಿಂತ ಅದರ ನಡಿಗೆ ಮುಖ್ಯ.

ಝಡ್‌ಎಫ್‌ಎಸ್ ಬಳಸುವವರಿಗೆ ಇನ್ನೊಂದು ಸಾಕ್ಷಿ ಇದೆ. ಝಡ್‌ಪೂಲ್ ಸ್ಟೇಟಸ್‌ನಲ್ಲಿ ರೀಡ್, ರೈಟ್, ಸಿಕೆಸಮ್ (ಚೆಕ್‌ಸಮ್, ಮಾಹಿತಿ ಬದಲಾಗಿಲ್ಲವೇ ಎಂದು ತಾಳೆ ನೋಡುವ ಲೆಕ್ಕ) ಎಂದು ಮೂರು ಕಾಲಮ್. ಮೊದಲೆರಡು ಏರಿದರೆ ಡಿಸ್ಕ್ ಇಲ್ಲವೇ ಅದರ ದಾರಿ ಬೇಡಿಕೆಗೆ ಒಪ್ಪಲಿಲ್ಲ. ಸಿಕೆಸಮ್ ಏರಿದರೆ ಡಿಸ್ಕ್ ಖುಷಿಯಿಂದ ಉತ್ತರ ಕೊಟ್ಟಿದೆ, ಆದರೆ ಕೊಟ್ಟದ್ದು ತಪ್ಪು. ಸಿಕೆಸಮ್ ಎಲ್ಲ ಡಿಸ್ಕಿನಲ್ಲೂ ಒಟ್ಟಿಗೆ ಏರಿದ್ದರೆ ಡಿಸ್ಕುಗಳನ್ನು ಬಿಟ್ಟು ರ‍್ಯಾಮ್ ಪರೀಕ್ಷಿಸಿ. ಮೆಮ್‌ಟೆಸ್ಟ್ ಒಂದು ರಾತ್ರಿ ಪೂರ್ತಿ ಓಡಲಿ, ಒಂದೇ ಒಂದು ತಪ್ಪು ಬಂದರೂ ಆ ರ‍್ಯಾಮ್ ಸರ್ವರಿಗೆ ಬೇಡ.

ಬದಲಿಸುವ ಹೊತ್ತು ಬಂತು ಎಂದುಕೊಳ್ಳಿ. ಇಲ್ಲಿ ಬಹಳ ಜನ ಕೆಟ್ಟ ಡಿಸ್ಕನ್ನು ಮೊದಲು ಕಿತ್ತು ಹೊಸದನ್ನು ಅದೇ ಜಾಗಕ್ಕೆ ತುರುಕುತ್ತಾರೆ. ಅದು ಪೂರ್ತಿ ಸತ್ತಿರದಿದ್ದರೆ ಹಾಗೆ ಮಾಡಬೇಡಿ. ಖಾಲಿ ಪೋರ್ಟ್ ಇದ್ದರೆ ಹೊಸದನ್ನು ಅದಕ್ಕೆ ಜೋಡಿಸಿ, ಹಳೆಯದು ಒಳಗಿರುವಾಗಲೇ ‘ರಿಪ್ಲೇಸ್’ ಆದೇಶ ಕೊಡಿ. ಎಂಡಿ ರೇಡಿನ ಆದೇಶವಾದ ಎಂಡಿಎಡಿಎಂನಲ್ಲೂ ಝಡ್‌ಪೂಲ್‌ನಲ್ಲೂ ಅದು ಇದೆ. ಹಳೆಯದರಲ್ಲಿ ಓದಲು ಬರುವ ಶೇ. 99.99 ಭಾಗ ನೇರ ನಕಲಾಗುತ್ತದೆ, ಓದಲಾಗದ ಚೂರಿಗೆ ಮಾತ್ರ ಉಳಿದ ಡಿಸ್ಕುಗಳ ನೆರವು ಬೇಕಾಗುತ್ತದೆ. ಹಳೆಯದನ್ನು ಕಿತ್ತ ಮೇಲೆ ಆ ಆಸರೆ ಇರುವುದಿಲ್ಲ. 4 ಟೆರಾಬೈಟಿನ ನಾಲ್ಕು ಡಿಸ್ಕಿನ ರೇಡ್ 5ನ್ನು ಮರುಕಟ್ಟಲು ಉಳಿದ ಮೂರರಿಂದ 12 ಟೆರಾಬೈಟ್ ಒಂದೂ ತಪ್ಪಿಲ್ಲದೆ ಓದಬೇಕು. ಸಾಮಾನ್ಯ ಡಿಸ್ಕಿನ ಪತ್ರದಲ್ಲಿ ತಯಾರಕರು ಕೊಡುವ ಭರವಸೆಯೇ 12.5 ಟೆರಾಬೈಟಿಗೆ ಹೆಚ್ಚೆಂದರೆ ಒಂದು ಓದಲಾಗದ ಸೆಕ್ಟರ್ ಎಂದು. ವಾಸ್ತವದಲ್ಲಿ ಒಳ್ಳೆಯ ಡಿಸ್ಕುಗಳು ಇದಕ್ಕಿಂತ ಎಷ್ಟೋ ಚೆನ್ನಾಗಿ ನಡೆಯುತ್ತವೆ. ಆದರೂ ವರ್ಷಗಳಿಂದ ಸ್ಕ್ರಬ್ ಕಾಣದ ಡಿಸ್ಕುಗಳಲ್ಲಿ ಯಾರೂ ಓದದ ಮೂಲೆಗಳು ಸದ್ದಿಲ್ಲದೆ ಕೆಟ್ಟಿರುತ್ತವೆ, ಅವು ಬಯಲಾಗುವುದು ಮರುಕಟ್ಟುವಾಗಲೇ.

ಮರುಕಟ್ಟುವಿಕೆ ಅರ್ಧಕ್ಕೆ ನಿಂತು ಒಳ್ಳೆಯ ಡಿಸ್ಕುಗಳೇ ಹೊರಬೀಳುವುದಕ್ಕೆ ಎರಡು ತಾಂತ್ರಿಕ ಕಾರಣಗಳಿವೆ. ಡೆಸ್ಕ್‌ಟಾಪ್ ಡಿಸ್ಕು ಓದಲಾಗದ ಸೆಕ್ಟರ್ ಸಿಕ್ಕರೆ ಒಂದೆರಡು ನಿಮಿಷವೂ ಹಟ ಹಿಡಿದು ಪ್ರಯತ್ನಿಸಬಹುದು. ಲಿನಕ್ಸ್ ಕರ್ನಲ್ ಕಾಯುವುದು 30 ಸೆಕೆಂಡ್. ಅಷ್ಟರಲ್ಲಿ ಉತ್ತರವಿಲ್ಲದಿದ್ದರೆ ಡಿಸ್ಕನ್ನೇ ರೀಸೆಟ್ ಮಾಡುತ್ತದೆ, ರೇಡ್ ಅದನ್ನು ಹೊರಹಾಕುತ್ತದೆ. ನ್ಯಾಸ್ ಡಿಸ್ಕುಗಳು 7 ಸೆಕೆಂಡಿಗೆ ಕೈಚೆಲ್ಲಿ ‘ಆಗಲಿಲ್ಲ’ ಎನ್ನುತ್ತವೆ, ಉಳಿದದ್ದನ್ನು ರೇಡ್ ನೋಡಿಕೊಳ್ಳುತ್ತದೆ. ಈ ಸೌಲಭ್ಯದ ಹೆಸರು ಎಸ್‌ಸಿಟಿ ಇಆರ್‌ಸಿ. ಸ್ಮಾರ್ಟ್‌ಸಿಟಿಎಲ್‌ನಿಂದ 70 (ಅಂದರೆ 7 ಸೆಕೆಂಡ್) ಎಂದು ಇಡಬಹುದು, ಬಹಳ ಡಿಸ್ಕುಗಳಲ್ಲಿ ಪವರ್ ಹೋದರೆ ಅಳಿಸಿಹೋಗುತ್ತದೆ, ಆದ್ದರಿಂದ ಬೂಟ್ ಆಗುವಾಗ ಓಡುವ ಸ್ಕ್ರಿಪ್ಟಿನಲ್ಲಿ ಹಾಕಿ. ಡಿಸ್ಕಿಗೆ ಆ ಸೌಲಭ್ಯವೇ ಇಲ್ಲದಿದ್ದರೆ ಕರ್ನಲ್ಲಿನ ಕಾಯುವ ಅವಧಿಯನ್ನು 180 ಸೆಕೆಂಡಿಗೆ ಏರಿಸಿ. ಎರಡನೆಯ ಕಾರಣ ಎಸ್‌ಎಂಆರ್: ಹಂಚಿನ ಹಾಗೆ ಒಂದರ ಮೇಲೊಂದು ಅಂಚು ಬರುವಂತೆ ಸಾಲು ಬರೆಯುವ ಡಿಸ್ಕುಗಳು. ನಿರಂತರ ಬರಹ ಬಂದಾಗ ಇವು ನಿಮಿಷಗಟ್ಟಲೆ ನಿಂತುಬಿಡುತ್ತವೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ 2ರಿಂದ 6 ಟೆರಾಬೈಟಿನ ಕೆಲವು ರೆಡ್ ಡಿಸ್ಕುಗಳು ಎಸ್‌ಎಂಆರ್ ಎಂದು ಒಪ್ಪಿಕೊಂಡ ಮೇಲೆ ಅಂಚು ಒಂದರ ಮೇಲೊಂದು ಬರದ ಸಿಎಂಆರ್ ಮಾದರಿಗಳಿಗೆ ರೆಡ್ ಪ್ಲಸ್ ಎಂಬ ಹೆಸರು ಬಂತು. ಕೊಳ್ಳುವ ಮೊದಲು ಮಾದರಿ ಸಂಖ್ಯೆ ಹಿಡಿದು ಸಿಎಂಆರ್ ಎಂದು ಖಚಿತಪಡಿಸಿಕೊಳ್ಳಿ. ಮರುಕಟ್ಟಲು ಹಚ್ಚುವುದು ರಾತ್ರಿಯ ತಂಪಿನಲ್ಲಿರಲಿ, ಯುಪಿಎಸ್ ಮೇಲಿರಲಿ.

ರೇಡ್ ಇಲ್ಲದ ಒಂಟಿ ಡಿಸ್ಕು, ಅಥವಾ ಎರಡು ಡಿಸ್ಕ್ ಸೋತ ರೇಡ್ 5 ಆಗಿದ್ದರೆ ದಾರಿ ಬೇರೆ. ಅಲ್ಲಿ ಫೈಲ್ ಸಿಸ್ಟಮ್ ರಿಪೇರಿಗೆ ಕೈ ಹಾಕಬೇಡಿ. ಆ ರಿಪೇರಿಯ ಆದೇಶವಾದ ಎಫ್‌ಎಸ್‌ಸಿಕೆ ಓದಲಾಗದ ಕೋಶಗಳನ್ನು ಹಾಳೆಂದು ತಿಳಿದು ಕತ್ತರಿಸಿ ಹಾಕಬಹುದು. ‘ಕ್ರಿಯೇಟ್’ ಆದೇಶದಿಂದ ರೇಡ್ ಮತ್ತೆ ಕಟ್ಟುವ ಸಲಹೆಯನ್ನಂತೂ ಯಾರು ಕೊಟ್ಟರೂ ಕೇಳಬೇಡಿ, ಅದು ಹಳೆಯ ರೇಡಿನ ಗುರುತಿನ ಮೇಲೆಯೇ ಹೊಸದನ್ನು ಬರೆಯುತ್ತದೆ. ಮೊದಲು ಅಷ್ಟೇ ಅಥವಾ ಹೆಚ್ಚು ಗಾತ್ರದ ಹೊಸ ಡಿಸ್ಕಿಗೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಪೂರ್ತಿ ನಕಲು ಮಾಡಿ. ಮೊದಲ ಸುತ್ತು ‘ಎನ್’ ಆಯ್ಕೆಯೊಂದಿಗೆ: ಸುಲಭವಾಗಿ ಬರುವುದನ್ನೆಲ್ಲ ಎತ್ತಿಕೊಂಡು, ಕಷ್ಟದ ಜಾಗಗಳನ್ನು ಕೆದಕದೆ ಬಿಡುತ್ತದೆ. ಎರಡನೆಯ ಸುತ್ತಿನಲ್ಲಿ ‘ಡಿ’ ಮತ್ತು ‘ಆರ್3’ ಹಾಕಿ, ಬಿಟ್ಟ ಜಾಗಗಳಿಗೆ ಮೂರು ಸಲ ಪ್ರಯತ್ನ. ಎಲ್ಲೆಲ್ಲಿ ಓದಿ ಆಯಿತು ಎಂದು ಬರೆದಿಡುವ ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡಿ, ಅದನ್ನು ಮೂರನೆಯ ಡಿಸ್ಕಿನಲ್ಲಿ ಇಡಿ. ಅದಿದ್ದರೆ ನಡುವೆ ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಮೂಲ ಮೊದಲು, ಗುರಿ ನಂತರ. ಈ ಎರಡು ಹೆಸರು ತಿರುವುಮುರುವಾದರೆ ಖಾಲಿ ಡಿಸ್ಕು ನಿಮ್ಮ ಫೋಟೋಗಳ ಮೇಲೆ ಬರೆದುಕೊಳ್ಳುತ್ತದೆ. ಎಂಟರ್ ಒತ್ತುವ ಮೊದಲು ಇಬ್ಬರು ಓದಿ ನೋಡಿ. ರಿಪೇರಿ ಏನಿದ್ದರೂ ನಕಲಿನ ಮೇಲೆ. ಸಿದ್ಧ ನ್ಯಾಸಿನ ಪೆಟ್ಟಿಗೆಯೇ ಸತ್ತು ಡಿಸ್ಕು ಬದುಕಿದ್ದರೆ ನಿರಾಶೆ ಬೇಡ: ಸಿನಾಲಜಿಯಂಥವು ಒಳಗೆ ಲಿನಕ್ಸಿನ ಎಂಡಿ ರೇಡನ್ನೇ ಬಳಸುತ್ತವೆ, ಲಿನಕ್ಸ್ ಪಿಸಿಗೆ ಡಿಸ್ಕುಗಳನ್ನು ಜೋಡಿಸಿ ಓದಲು ಬರುತ್ತದೆ.

ಹೊಸ ಡಿಸ್ಕು ಬಂದ ದಿನವೇ ಸ್ಮಾರ್ಟಿನ 9ನೇ ನಂಬರು, ಓಡಿದ ತಾಸುಗಳು, ಸೊನ್ನೆಯ ಆಸುಪಾಸು ಇದೆಯೇ ನೋಡಿ. ಬಳಸಿದ ಡಿಸ್ಕಿನ ದಾಖಲೆ ಅಳಿಸಿ ಹೊಸದೆಂದು ಮಾರಿದ ಪ್ರಕರಣಗಳು 2025ರ ಆರಂಭದಲ್ಲಿ ಬಯಲಾದವು. ಸೀಗೇಟಿನಲ್ಲಾದರೆ ಸ್ಮಾರ್ಟ್‌ಸಿಟಿಎಲ್ 7.4ರಿಂದ ಮುಂದಿನ ಆವೃತ್ತಿಗಳು ಫಾರ್ಮ್ ಲಾಗ್ ಎಂಬ ಇನ್ನೊಂದು ದಾಖಲೆ ತೋರಿಸುತ್ತವೆ, ಎರಡರ ತಾಸು ಹೊಂದಬೇಕು. ಆಮೇಲೆ ಖಾಲಿ ಡಿಸ್ಕಿನ ಮೇಲೆ ಬ್ಯಾಡ್‌ಬ್ಲಾಕ್ಸ್ ಎಂಬ ಆದೇಶದ ಬರೆಯುವ ಪರೀಕ್ಷೆ ಓಡಿಸಿ. ನಾಲ್ಕು ವಿನ್ಯಾಸ, ಪ್ರತಿಯೊಂದಕ್ಕೂ ಒಮ್ಮೆ ಬರಹ ಒಮ್ಮೆ ಓದು, 4 ಟೆರಾಬೈಟಿಗೆ ಎರಡೂವರೆ ದಿನದಷ್ಟು ಹಿಡಿಯುತ್ತದೆ. ಅಂಗಡಿಯವರು ಬದಲಿಸಿ ಕೊಡುವ ಅವಧಿ ಮುಗಿಯುವ ಮೊದಲೇ ಮುಗಿಸಿ.

ಆ ಡಿಸ್ಕನ್ನು ಒಳಗೆ ಕೂರಿಸುವ ಮೊದಲು ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ಟ್ರೇಯ ಮುಂಭಾಗದಲ್ಲಿ ಮಾರ್ಕರಿನಿಂದ ಬರೆಯಿರಿ. ಎಸ್‌ಡಿಎ, ಎಸ್‌ಡಿಬಿ ಎಂದು ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಹೆಸರುಗಳು ಪ್ರತಿ ಬೂಟಿಗೂ ಬದಲಾಗಬಹುದು, ಸೀರಿಯಲ್ ಬದಲಾಗುವುದಿಲ್ಲ. ಸ್ಕ್ರಬ್ ತಿಂಗಳಿಗೊಮ್ಮೆ, ದೀರ್ಘ ಪರೀಕ್ಷೆ ಎರಡು ತಿಂಗಳಿಗೊಮ್ಮೆ, ಎರಡೂ ಒಂದೇ ರಾತ್ರಿ ಬೀಳದಂತೆ ವೇಳೆ ಇಡಿ. ಸರ್ವರಿನ ಪಕ್ಕದಲ್ಲೊಂದು ಸಣ್ಣ ವಹಿ ಇರಲಿ: ತಾರೀಖು, ಸೀರಿಯಲ್, 5, 197, 198, 199, ತಾಪಮಾನ. ಮೊದಲ ಸಾಲನ್ನು ಎಲ್ಲವೂ ಸರಿಯಿರುವ ಇವತ್ತೇ ಬರೆಯಿರಿ. ಮುಂದೊಂದು ದಿನ 199ರಲ್ಲಿ 40 ಕಂಡಾಗ ಅದು ನಿನ್ನೆಯದೋ ಮೂರು ವರ್ಷದ ಹಿಂದಿನದೋ ಎಂದು ಹೇಳುವುದು ಆ ಸಾಲು ಮಾತ್ರ.